ಮಿಕ್ಸಿಯ ಮೇಲೆ ಬಂದ ಅಪವಾದ

ಆದಿತ್ಯವಾರ, 5 ಅಕ್ಟೋಬರ್ 2025
ಕಟಪಾಡಿ, ರಾತ್ರಿ 10.40

ಮೂರು ದಿನದಿಂದ ಅಮ್ಮನ ಮಿಕ್ಸಿಗೆ ಬೈದದ್ದೇ ಬೈದದ್ದು. ಪಾಪ, ಅದರದ್ದು ಏನೂ ತಪ್ಪಿರಲಿಲ್ಲ.

ನಾನು ಮತ್ತು ಭಾವ ಸೇರಿ ಮೇ ತಿಂಗಳಲ್ಲಿ ಒಂದು ಹಳೆಯ ಟ್ರಾವೆಲರ್ ಗಾಡಿಯನ್ನು ಕ್ಯಾಂಪರ್ ಮಾಡಿಸಿದ್ದೆವು. ಒಳಗೆ ಎರಡು ಮಂಚ, ಸಣ್ಣ ಫ್ರಿಡ್ಜ್, ಗೀಸರ್, ಬ್ಯಾಟರಿ, ಇನ್ವರ್ಟರ್. ಹೊರಗೆ ಪಕ್ಕದಲ್ಲಿ ನೀಲಿ ಮುಚ್ಚಳದ ಒಂದು ಸಾಕೆಟ್. ಅದಕ್ಕೆ ವಯರ್ ಸಿಕ್ಕಿಸಿ ಇನ್ನೊಂದು ತುದಿ ಮನೆಯ ಪ್ಲಗ್ಗಿಗೆ ಹಾಕಿದರೆ ಬ್ಯಾಟರಿ ಚಾರ್ಜ್ ಆಗುತ್ತದೆ, ಫ್ರಿಡ್ಜ್ ಓಡುತ್ತದೆ. ಮಳೆಗಾಲ ಪೂರ್ತಿ ಎಲ್ಲಿಗೂ ಹೋಗಲಿಲ್ಲ. ಬಾವಿಯ ಪಂಪ್‌ಶೆಡ್ಡಿನ ಪಕ್ಕ ನಿಲ್ಲಿಸಿ, ಅಲ್ಲಿನ ಹಳೆಯ ಸಾಕೆಟ್‌ನಿಂದಲೇ ವಾರಕ್ಕೊಮ್ಮೆ ಚಾರ್ಜ್ ಮಾಡುತ್ತಿದ್ದೆವು. ಒಂದು ದಿನವೂ ತಕರಾರಿಲ್ಲ.

ಬುಧವಾರ ಆಯುಧಪೂಜೆಗೆಂದು ಗಾಡಿಯನ್ನು ಅಂಗಳಕ್ಕೆ ತಂದೆವು. ಪೈಪ್ ಹಿಡಿದು ತೊಳೆದೆವು, ಗೊಂಡೆ ಹೂವಿನ ಮಾಲೆ ಹಾಕಿದೆವು. ಈ ಮಂಗಳವಾರ ಆಗುಂಬೆ ಹತ್ತಿ ಶೃಂಗೇರಿ ಕಡೆ ಹೋಗುವ ಅಂದಾಜು. ಹಾಗಾಗಿ ಗುರುವಾರ ಸಂಜೆ ಚಾವಡಿಯ ಹೊಸ ಸಾಕೆಟ್ಟಿಗೆ ಹಾಕಿದೆ. ಆಗಸ್ಟ್‌ನಲ್ಲಿ ಮನೆಗೆ ಹೊಸ ವಯರಿಂಗ್ ಮಾಡಿಸಿದಾಗ ಹಾಕಿದ್ದು. ಟಪ್! ಮನೆಯಿಡೀ ಕತ್ತಲೆ. ಅಮ್ಮನ ಧಾರಾವಾಹಿ ಅರ್ಧಕ್ಕೇ ನಿಂತಿತು.

ಬಿದ್ದದ್ದು ಆರ್‌ಸಿಸಿಬಿ, ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ನೋಡುತ್ತಿರುತ್ತದೆ. ನಮ್ಮದು 30 ಮಿಲಿಆಂಪಿಯರ್‌ನದು. ಅಷ್ಟು ವ್ಯತ್ಯಾಸ ಬಂದರೆ ಬೀಳಲೇಬೇಕು. ಒಮ್ಮೊಮ್ಮೆ ಅದಕ್ಕಿಂತ ಕಮ್ಮಿಗೂ ಬೀಳುತ್ತದೆ. ಲೋಡ್ ಜಾಸ್ತಿಯಾದರೆ ಬೀಳುವ ಎಂಸಿಬಿ ಬೇರೆ. ಇದು ಬಿತ್ತು ಅಂದರೆ ಕರೆಂಟ್ ಎಲ್ಲೋ ದಾರಿ ತಪ್ಪಿದೆ ಅಂತ ಲೆಕ್ಕ.

ತೊಳೆಯುವಾಗ ನೀಲಿ ಸಾಕೆಟ್ಟಿನೊಳಗೆ ನೀರು ಹೋಗಿರಬೇಕು ಅಂದುಕೊಂಡೆ. ಮುಚ್ಚಳ ತೆಗೆದರೆ ಪಿನ್‌ಗಳಲ್ಲಿ ಹಸಿರು ಕಿಲುಬು. ಕಡಲು ಇಷ್ಟು ಹತ್ತಿರ ಇರುವಾಗ ತಾಮ್ರ, ಹಿತ್ತಾಳೆ ಯಾವುದೂ ಉಳಿಯುವುದಿಲ್ಲ. ಉಜ್ಜಿ, ಹೇರ್ ಡ್ರೈಯರ್ ಹಿಡಿದು ಒಣಗಿಸಿ, ರಾತ್ರಿಯಿಡೀ ಹಾಗೇ ಬಿಟ್ಟೆ.

ಶುಕ್ರವಾರ ಬೆಳಿಗ್ಗೆ 6 ಗಂಟೆಗೆ ಗಾಡಿಯ ಎಲ್ಲ ಎಂಸಿಬಿ ಆಫ್ ಮಾಡಿ ಪ್ಲಗ್ ಹಾಕಿದೆ. ಆರ್‌ಸಿಸಿಬಿ ಬೀಳಲಿಲ್ಲ! ಹತ್ತು ನಿಮಿಷ ಖುಷಿ. ಅಷ್ಟರಲ್ಲಿ ಒಳಗೆ ಅಮ್ಮ ಚಟ್ನಿಗೆ ಮಿಕ್ಸಿ ತಿರುಗಿಸಿದರು. ಟಪ್.

ಗಾಡಿಯಲ್ಲಿ ಎಲ್ಲವೂ ಆಫ್ ಇದೆ, ಮಿಕ್ಸಿ ಹಾಕಿದ ಕೂಡಲೇ ಹೋಗುತ್ತದೆ. ಮತ್ತೆ ಯಾರ ಮೇಲೆ ಸಂಶಯ ಬರಬೇಕು ಹೇಳಿ? ಭಾವ ಫೋನಿನಲ್ಲೇ ತೀರ್ಪು ಕೊಟ್ಟರು: "ಮಿಕ್ಸಿಯ ಕಾಯಿಲ್ ಲೀಕ್ ಮಾರಾಯ." ನಿನ್ನೆ ತಮ್ಮ ಮನೆಯ ಮಿಕ್ಸಿಯನ್ನೇ ಹೊತ್ತುಕೊಂಡು ಬಂದರು. ಅದಕ್ಕೂ ಟಪ್. ಇಸ್ತ್ರಿಪೆಟ್ಟಿಗೆಗೂ ಟಪ್. ಗಾಡಿಯ ಪ್ಲಗ್ ಕಿತ್ತರೆ ಎರಡೂ ಮಿಕ್ಸಿ ಸರಿ.

"ಸುಮ್ನೆ ಯಾಕೆ ತಲೆಬಿಸಿ, ಪಂಪ್‌ಶೆಡ್ಡಿನಲ್ಲಿ ಸರಿ ಇತ್ತಲ್ವಾ, ಅಲ್ಲಿಗೇ ಹಾಕುವ" ಅಂದರು ಭಾವ. ನನಗೂ ಹೌದು ಅನ್ನಿಸಿತ್ತು. ಈಗ ನೆನೆಸಿಕೊಂಡರೆ ಮೈ ಜುಂ ಅನ್ನುತ್ತದೆ.

ಇವತ್ತು ಬೆಳಿಗ್ಗೆ ನಮ್ಮ ಮನೆಯ ವಯರಿಂಗ್ ಮಾಡಿದ ಎಲೆಕ್ಟ್ರಿಷಿಯನ್ ಅಣ್ಣ ಬಂದರು. ಮಿಕ್ಸಿಯ ಕಡೆ ತಿರುಗಿಯೂ ನೋಡಲಿಲ್ಲ. ಗಾಡಿಯ ವಯರನ್ನು ಮನೆಯ ಸಾಕೆಟ್‌ನಿಂದ ಕಿತ್ತು, ಇನ್ವರ್ಟರ್ ಆಫ್ ಮಾಡಿಸಿ, ಆ ಪ್ಲಗ್ಗಿನ ನ್ಯೂಟ್ರಲ್ ಪಿನ್ನಿಗೂ ನೆಲಕ್ಕೆ ಇಳಿಯುವ ಅರ್ತ್ ಪಿನ್ನಿಗೂ ಮೀಟರ್ ಇಟ್ಟರು. ಪೀಂ ಅಂತ ಕೂಗಿತು. ಈ ಎರಡರ ಮಧ್ಯೆ ಸಂಪರ್ಕವೇ ಇರಬಾರದು.

"ಎಂಸಿಬಿ ಎಲ್ಲ ಆಫ್ ಉಂಟಲ್ಲ ಅಣ್ಣ" ಅಂದೆ.

"ಎಂತ ಮಾರಾಯ್ರೆ, ಅದು ಫೇಸ್ ಮಾತ್ರ ಕಡಿಯುವುದು. ನ್ಯೂಟ್ರಲ್ ಹಾಗೇ ಇರ್ತದೆ."

ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ. ಸಿಂಗಲ್ ಪೋಲ್ ಎಂಸಿಬಿ ಆಫ್ ಮಾಡಿದರೆ ಎಲ್ಲವೂ ಬೇರೆಯಾಯಿತು ಅಂದುಕೊಂಡಿದ್ದೆ. ಗಾಡಿಯ ನ್ಯೂಟ್ರಲ್ ಮನೆಯ ನ್ಯೂಟ್ರಲ್ ಜೊತೆ ಕೈ ಹಿಡಿದೇ ಇತ್ತು. ಗಾಡಿಯ ಬೋರ್ಡ್ ಬಿಚ್ಚಿದಾಗ ಕಳ್ಳ ಸಿಕ್ಕಿದ. ಸ್ವಿಚ್‌ಗಳಿಗೆಲ್ಲ ಮೊದಲೇ, ನ್ಯೂಟ್ರಲ್ ಪಟ್ಟಿಯಿಂದ, ಗಾಡಿಯ ಲೋಹದ ಮೈಗೆ ಸೇರಿದ ಅರ್ತ್ ಪಟ್ಟಿಗೆ ಗೇಣುದ್ದದ ಒಂದು ಹಸಿರು ವಯರ್. ಮಿಕ್ಸಿಯಿಂದ ವಾಪಸ್ ಬರುವ ಕರೆಂಟಿನಲ್ಲಿ ಒಂದು ಪಾಲು ಆ ವಯರ್ ಹಿಡಿದು, ಅಂಗಳದ ಅರ್ತ್ ಗುಂಡಿಗೆ ಇಳಿಯುತ್ತಿತ್ತು. ಒಂದೆರಡು ಎಲ್‌ಇಡಿ ಬಲ್ಬ್ ಉರಿಯುವಾಗ ಆ ಪಾಲು ತೀರಾ ಸಣ್ಣದು, ಹಾಗಾಗಿ ಶುಕ್ರವಾರ ಬೆಳಿಗ್ಗೆ ಬೀಳದೆ ನಿಂತದ್ದು. 750 ವ್ಯಾಟ್‌ನ ಮಿಕ್ಸಿ ತಿರುಗಿದರೆ 30 ಮಿಲಿಆಂಪಿಯರ್ ಯಾವ ಲೆಕ್ಕ?

ಗಾಡಿ ಕಟ್ಟಿಕೊಟ್ಟವರಿಗೆ ಫೋನ್ ಮಾಡಿದೆ. ಇನ್ವರ್ಟರ್‌ಗೋಸ್ಕರ ಹಾಕಿದ್ದು ಅಂದರು. ಅದು ಪೂರ್ತಿ ಸುಳ್ಳಲ್ಲ. ಕಾಡಿನಲ್ಲಿ ಇನ್ವರ್ಟರ್ ಮೇಲೆ ಓಡುವಾಗ ಅದರ ನ್ಯೂಟ್ರಲ್ ಗಾಡಿಯ ಲೋಹದ ಮೈಗೆ ಸೇರಿದ್ದರೆ ಮಾತ್ರ ಗಾಡಿಯೊಳಗಿನ ಆರ್‌ಸಿಸಿಬಿ ಕೆಲಸ ಮಾಡುತ್ತದೆ. ಆದರೆ ಮನೆಯ ಕರೆಂಟಿಗೆ ಹಾಕಿದಾಗ ಆ ಸಂಪರ್ಕ ಬಿಟ್ಟುಹೋಗಬೇಕು. ಇವರು ಖಾಯಂ ಕಟ್ಟಿಬಿಟ್ಟಿದ್ದರು. ಅಣ್ಣ ಅದನ್ನು ಇನ್ವರ್ಟರ್‌ನ ಔಟ್‌ಪುಟ್ ಬದಿಗೆ ಸರಿಸಿ, ಫೇಸ್ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಹಾಕಿದರು. ಅದಕ್ಕೆ ಮೊದಲು ನಮ್ಮ ಇನ್ವರ್ಟರ್‌ನ ಮ್ಯಾನುಯಲ್ ಎರಡು ಸಲ ಓದಿಸಿದರು. ಕೆಲವು ಇನ್ವರ್ಟರ್‌ಗಳಲ್ಲಿ ಹೀಗೆ ಕಟ್ಟಿದರೆ ಇನ್ವರ್ಟರೇ ಸುಟ್ಟುಹೋಗುತ್ತದಂತೆ. ನನ್ನ ಬರಹ ನೋಡಿ ನೀವೇ ಸ್ಕ್ರೂಡ್ರೈವರ್ ಹಿಡಿಯಬೇಡಿ.

ಚಹಾ ಕುಡಿಯುತ್ತಾ ಕೇಳಿದೆ, "ಹಾಗಾದರೆ ಪಂಪ್‌ಶೆಡ್ಡಿನಲ್ಲಿ ಯಾಕೆ ಏನೂ ಆಗಲಿಲ್ಲ?"

ಅಣ್ಣ ಲೋಟ ಕೆಳಗಿಟ್ಟು ನೇರ ಶೆಡ್ಡಿಗೆ ನಡೆದರು. ಅದು ಹಳೆಯ ಲೈನ್, ಅಲ್ಲಿ ಆರ್‌ಸಿಸಿಬಿ ಇಲ್ಲ ಅಂತ ನನಗೂ ಗೊತ್ತಿತ್ತು. ಸಾಕೆಟ್ ಬಿಚ್ಚಿದರೆ ಅರ್ತ್ ಜಾಗದಲ್ಲಿ ವಯರೇ ಇಲ್ಲ. ಜೇಡದ ಗೂಡು ಮಾತ್ರ.

ಅಂದರೆ ನಾಲ್ಕು ತಿಂಗಳು ಗಾಡಿಯ ಬಾಡಿ ನ್ಯೂಟ್ರಲ್‌ಗೆ ಕಟ್ಟಿಕೊಂಡು, ನಾಲ್ಕು ರಬ್ಬರ್ ಟೈರಿನ ಮೇಲೆ, ಅರ್ತೇ ಇಲ್ಲದೆ ನಿಂತಿತ್ತು. ಒಂದು ಗಾಳಿಮಳೆಗೆ ನ್ಯೂಟ್ರಲ್ ವಯರ್ ಕಡಿದಿದ್ದರೆ, ಅಥವಾ ಆ ಸಾಕೆಟ್ಟಿನಲ್ಲೇ ಸ್ಕ್ರೂ ಸಡಿಲವಾಗಿದ್ದರೆ, ಒಳಗಿನ ಫ್ರಿಡ್ಜ್ ಮೂಲಕ 230 ವೋಲ್ಟ್ ಸೀದಾ ಬಾಗಿಲ ಹಿಡಿಗೆ ಬರುತ್ತಿತ್ತು. ಕೆಳಗೆ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರೇ ಅರ್ತ್. ಜುಲೈಯಲ್ಲಿ ಅಮ್ಮ ಗಾಡಿಯೊಳಗೆ ಬೂಸ್ಟು ಬಂದಿದೆ ಅಂತ ಒರೆಸಲು ಹೋಗಿದ್ದರು. ಚಪ್ಪಲಿ ಹಾಕಿದ್ದರಾ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ. ಶೆಡ್ಡಿನ ಆ ಸಾಕೆಟ್ಟನ್ನು ಮಧ್ಯಾಹ್ನವೇ ಕಿತ್ತು ಹಾಕಿಸಿದೆ.

ಸಂಜೆ ಗಾಡಿಗೆ ಪ್ಲಗ್ ಹಾಕಿ ಗೀಸರ್ ಕೂಡ ಆನ್ ಮಾಡಿದೆ. ಆರ್‌ಸಿಸಿಬಿ ಅಲ್ಲಾಡಲಿಲ್ಲ. ಅರ್ಧ ಗಂಟೆ ಬಿಟ್ಟು ನೋಡಿದರೆ ಎಕ್ಸ್‌ಟೆನ್ಶನ್ ರೀಲ್ ಬಿಸಿಬಿಸಿ. 1 ಸ್ಕ್ವೇರ್ ಎಂಎಂನ ಸಪೂರ ವಯರ್, ಅದೂ ಮುಕ್ಕಾಲು ಭಾಗ ಸುತ್ತಿಯೇ ಇತ್ತು. ಸುತ್ತಿದ ವಯರಿನ ಬಿಸಿ ಹೊರಗೆ ಹೋಗುವುದಿಲ್ಲ, ಕರಗುವಷ್ಟು ಕಾದುಹೋಗುತ್ತದೆ. ಗೀಸರ್ ಬಂದ್ ಮಾಡಿ, ಪೂರ್ತಿ ಬಿಚ್ಚಿ ಅಂಗಳದಲ್ಲಿ ಹಾಸಿದೆ. ನಾಳೆ ಉಡುಪಿಗೆ ಹೋದಾಗ 2.5ರ ಮೂರು ಕೋರ್ ವಯರ್ 15 ಮೀಟರ್ ತರಬೇಕು. 16 ಆಂಪಿಯರ್ ಪ್ಲಗ್ ಒಂದು.

ಈಗ ಫ್ರಿಡ್ಜ್ ಮಾತ್ರ ಓಡುತ್ತಿದೆ. ಭಾವ ತಮ್ಮ ಮಿಕ್ಸಿಯನ್ನು ಇಲ್ಲೇ ಮರೆತು ಹೋಗಿದ್ದಾರೆ. ಅಕ್ಕನ ಫೋನ್ ಎರಡು ಸಲ ಬಂತು.