ಸೆಟ್ಲ್ ಆದ್ಯಾ ಅಂತ ಕೇಳಬೇಡಿ

ಊರಿಗೆ ಬಂದಾಗಲೆಲ್ಲ ಮುಳಬಾಗಿಲು ಬಸ್ ಸ್ಟ್ಯಾಂಡಿನಿಂದ ಮನೆ ಮುಟ್ಟುವಷ್ಟರಲ್ಲಿ ನಾಲ್ಕು ಜನ ಕೇಳಿರುತ್ತಾರೆ: “ಜರ್ಮನೀಲಿ ಸೆಟ್ಲ್ ಆದ್ಯೇನಮ್ಮ?” ನಾನು ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಹೂಂ ಅಂದು ಅಂದು ಸಾಕಾಗಿದೆ. ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನು ಯಾರೇ ಕೇಳಲಿ, ಇದನ್ನೇ ಕಳಿಸುತ್ತೇನೆ.

ನಿಮ್ಮ ಲೆಕ್ಕದಲ್ಲಿ ಸೆಟ್ಲ್ ಅಂದರೆ ಮನೆ, ಕಾರು, ಪಿಆರ್ (ಅಲ್ಲೇ ಕಾಯಂ ಇರಲು ಅನುಮತಿ). ನಾನಿರುವ ಬಾಡಿಗೆ ಮನೆಯ ಅಡುಗೆಕೋಣೆಗೆ ಸಿಂಕ್ ಕೂಡ ನಾನೇ ತಂದು ಹಾಕಿಸಿಕೊಂಡೆ. ಅಲ್ಲಿ ಎಷ್ಟೋ ಮನೆಗಳು ಹಾಗೇ. ಪಿಆರ್ ಕೇಳಬೇಕಾದರೆ ನುರಿತ ಕೆಲಸಗಾರರ ವೀಸಾದಲ್ಲಿ 3 ವರ್ಷ ಕಳೆದಿರಬೇಕು. ಆಯಿತಾ?

ಹೋದ ಸಂಕ್ರಾಂತಿಗೆ ಮುಂಚೆ ದೊಡ್ಡಮ್ಮನ ಮನೆಯಲ್ಲಿ ಹಿದುಕಬೇಳೆಗೆ ಕೂತಿದ್ದೆವು. ನೆನೆದ ಅವರೆಕಾಳನ್ನು ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತೆ, ಸಿಪ್ಪೆ ಕೈಯಲ್ಲೇ ಉಳಿಯುತ್ತೆ. ದೊಡ್ಡಮ್ಮ ತಲೆ ಎತ್ತದೆ ಅಂದರು: “ಅಲ್ಲಿ ಮುದುಕರ ಮೈ ತೊಳಿಯೋ ಕೆಲ್ಸಾನಂತೆ. ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಸೆಟ್ಲ್ ಆಗೋದು ಯಾವಾಗ?” ಕಾಳು ಬಟ್ಟಲಿಗೆ ಸುರಿದು ಎದ್ದುಬಿಟ್ಟೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಹೌದು ದೊಡ್ಡಮ್ಮ, ತೊಳೆಯುತ್ತೇನೆ. ಇಲ್ಲಿ ಆ ಕೆಲಸ ಆಯಾ ಮಾಡುತ್ತಾರೆ, ಇಲ್ಲ ಮನೆಯವರು. ಅಲ್ಲಿ ಸ್ನಾನ ಮಾಡಿಸುವುದು, ಉಣಿಸುವುದು, ಮಗ್ಗುಲು ಬದಲಿಸುವುದು ನರ್ಸಿನ ಕೆಲಸವೇ. ಹಾಸಿಗೆ ಹುಣ್ಣು ಶುರುವಾಗಿರುವುದು ಬೆನ್ನು ತೊಳೆಯುವಾಗಲೇ ಕಣ್ಣಿಗೆ ಬೀಳುವುದು. ಅದರಲ್ಲಿ ಕೀಳೇನಿದೆ?

ನನಗೆ ಕಷ್ಟವಾಗಿದ್ದು ಬೇರೆ. 4 ವರ್ಷದ ಬಿಎಸ್ಸಿ ನರ್ಸಿಂಗ್, ಕೋಲಾರದಲ್ಲಿ 5 ವರ್ಷ ಡ್ಯೂಟಿ, ಇಷ್ಟಿದ್ದರೂ ಅಲ್ಲಿನ ಮಾನ್ಯತೆ ಸಿಗುವವರೆಗೆ ನಾನು ಬರೀ ಸಹಾಯಕಿ. ಸಂಬಳವೂ ಅಷ್ಟಕ್ಕೇ. ಸಲೀಸಾಗಿ ಮಾತಾಡುವಷ್ಟು, ಅಂದರೆ ಬಿ2 ಮಟ್ಟದ ಜರ್ಮನ್ ಪಾಸಾಗಬೇಕು. ನಮ್ಮ ಓದು ಅವರ ಓದಿಗೆ ಸರಿಹೊಂದದಿದ್ದರೆ ತರಬೇತಿಗೆ ಹೋಗಬೇಕು, ಇಲ್ಲವೇ ಪರೀಕ್ಷೆಯಲ್ಲಿ ಬಾಯಲ್ಲಿ ಉತ್ತರ ಹೇಳುವುದಷ್ಟೇ ಅಲ್ಲ, ವಾರ್ಡಿನಲ್ಲಿ ಕೆಲಸ ಮಾಡಿ ತೋರಿಸಬೇಕು. ನನಗೆ 14 ತಿಂಗಳು ಹಿಡಿಯಿತು. ಇದನ್ನು ಒಬ್ಬರೂ ಕೇಳಲಿಲ್ಲ.

“ರೋಗಿಗಳ ಮಾತು ನಿನಗೆ ಹೇಗೆ ಅರ್ಥ ಆಗುತ್ತೆ?” ಅಂತ ಕೇಳಿದ್ದರೆ ಆವತ್ತು ಅವರೆ ಮುಗಿಯುವವರೆಗೂ ಹೇಳುತ್ತಿದ್ದೆ. ನಾನಿನ್ನೂ ಸಹಾಯಕಿಯಾಗಿದ್ದಾಗ ಒಂದು ರಾತ್ರಿ ಪಾಳಿಯಲ್ಲಿ, ಸೊಂಟದ ಡಿಸ್ಕ್ ಜಾರಿ ದಾಖಲಾಗಿದ್ದ ಅಜ್ಜಿಯೊಬ್ಬರು ಬೆಲ್ ಮಾಡಿದರು. ತೊಡೆಯಿಂದ ಮೀನಖಂಡದವರೆಗೆ ಅಂಗೈ ಸವರಿ “ಎಸ್ ತ್ಸೀಟ್” ಅಂದರು. ಎಳೆಯುತ್ತಿದೆ ಅಂತ. ನಮ್ಮಮ್ಮ ಟೊಮೆಟೊ ಕಿತ್ತು ಬಂದು ಗೋಡೆಗೆ ಒರಗಿ, ಹೀಗೇ ಕಾಲು ಸವರಿಕೊಂಡು “ಎಳೀತೈತೆ ಕಣಮ್ಮ” ಅನ್ನುತ್ತಾಳೆ. ಅದೇ ಕೈ, ಅದೇ ಮಾತು. ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದ ಪದ ಅವತ್ತು ನನ್ನದಾಯಿತು. ಔಷಧಿ ಕೊಡುವ ಅಧಿಕಾರ ನನಗಿರಲಿಲ್ಲ. ಓಡಿಹೋಗಿ ಪಾಳಿಯ ನರ್ಸಿಗೆ ಹೇಳಿ, ವಾಪಸ್ ಬಂದು ಅಜ್ಜಿಯ ಮಂಡಿಯ ಕೆಳಗೆ ದಿಂಬಿಟ್ಟು ಪಕ್ಕದಲ್ಲೇ ಕೂತೆ.

ಬೆಳಿಗ್ಗೆ ಡ್ಯೂಟಿ ಮುಗಿದ ಕೂಡಲೇ ಅಮ್ಮನಿಗೆ ಫೋನ್ ಮಾಡಿದೆ. ಊರಲ್ಲಿ ಆಗ 10 ದಾಟಿತ್ತು, ಅವಳು ಇನ್ನೂ ತೋಟದಲ್ಲೇ ಇದ್ದಳು. ಕಾಲು ಹೇಗಿದೆ ಅಂತ ಕೇಳಿದೆ.