ಹತ್ತನೆಯ ‘ಬಿ’ಯ ಸಿಪಾಯಿ

ಶಾಲೆಯ ಸಂಚಿಕೆಗೆ ಹಳೆಯ ನೆನಪೊಂದನ್ನು ಬರೆದುಕೊಡಬೇಕೆಂದು ಕೇಳಿದಾಗ ಮೊದಲು ಕಣ್ಣಮುಂದೆ ಬಂದವನು 1982ರಲ್ಲಿ ಹತ್ತನೆಯ ‘ಬಿ’ ತರಗತಿಯ ಕೊನೆಯ ಬೆಂಚಿನಲ್ಲಿ ನನ್ನ ಪಕ್ಕ ಕುಳಿತಿದ್ದ ಗೆಳೆಯ. ಹೆಸರು ಬೇಡವೆಂದು ಮನೆಯವರು ಹೇಳಿರುವುದರಿಂದ ಅದನ್ನಿಲ್ಲಿ ಬರೆದಿಲ್ಲ.

ಸಂಧಿ, ಸಮಾಸಗಳೆಂದರೆ ಬೆವರುತ್ತಿದ್ದ ಅವನು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಾಸರಗೋಡಿನ ಕುಂಬಳೆ ಪೇಟೆಯಲ್ಲಿ ಮಲಯಾಳ ಮಾತಾಡುತ್ತಿದ್ದ. ಯಾವ ಮಾತಿನಲ್ಲಿಯೂ ಅವನ ನಾಲಗೆ ತಡವರಿಸಿದ್ದನ್ನು ನಾನು ಕೇಳಿಲ್ಲ. 1984ರಲ್ಲಿ ಮದ್ರಾಸ್ ರೆಜಿಮೆಂಟಿಗೆ ಸೇರಿ, ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ತರಬೇತಿ ಪಡೆಯುವಾಗ ಜೊತೆಯವರಿಂದ ತಮಿಳನ್ನೂ ಕಲಿತ. ಮೊದಲ ರಜೆಯಲ್ಲಿ ಶಾಲೆಗೆ ಬಂದು “ಜವಾನನಾದೆ ಮಾಷ್ಟ್ರೇ” ಎಂದು ಹೇಳಿದಾಗ, ವರಾಂಡದಲ್ಲಿದ್ದ ನಮ್ಮ ಶಾಲೆಯ ಜವಾನರು “ಹಾಗಾದರೆ ನಾಳೆಯಿಂದ ಗಂಟೆ ನೀನೇ ಹೊಡಿ” ಎಂದು ನಗಾಡಿದ್ದರು.

ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕೆಯ ಅಧ್ಯಕ್ಷ ಜಯವರ್ಧನೆ 1987ರ ಜುಲೈ 29ರಂದು ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ಮರುದಿನದಿಂದಲೇ ಭಾರತದ ಶಾಂತಿಪಾಲನಾ ಪಡೆ ಶ್ರೀಲಂಕೆಯಲ್ಲಿ ಇಳಿಯತೊಡಗಿತು. ಅಲ್ಲಿ 1983ರಿಂದ ನಡೆಯುತ್ತಿದ್ದ ಅಂತರ್ಯುದ್ಧದಲ್ಲಿ ತಮಿಳು ಹೋರಾಟಗಾರರ ಆಯುಧಗಳನ್ನು ಒಪ್ಪಿಸಿಕೊಂಡು, ಎರಡೂ ಕಡೆಯವರ ನಡುವೆ ನಿಲ್ಲುವುದಕ್ಕೆ ಹೋಗಿದ್ದ ಪಡೆಯು ಅಕ್ಟೋಬರ್ ಎರಡನೆಯ ವಾರಕ್ಕಾಗುವಾಗ ಆ ಹೋರಾಟಗಾರರ ಮುಖ್ಯ ಸಂಘಟನೆಯಾದ ಎಲ್‌ಟಿಟಿಇ ಜೊತೆಗೇ ಉತ್ತರದ ಜಾಫ್ನಾದಲ್ಲಿ ಕಾದಾಟಕ್ಕಿಳಿದಿತ್ತು.

ಆ ನವೆಂಬರಿನಲ್ಲಿ, ಪಡೆಯ ಜೊತೆ ಅಲ್ಲಿಗೆ ಹೋಗಿದ್ದ ಅವನಿಂದ ನನಗೊಂದು ಇನ್‌ಲ್ಯಾಂಡ್ ಪತ್ರ ಬಂತು. ಮಣ್ಣು ನಮ್ಮಲ್ಲಿಯ ಹಾಗೆಯೇ ಕೆಂಪು, ಬೇಲಿಗೆಲ್ಲ ತಾಳೆಗರಿ, ಪಳ್ಳಿಕ್ಕರೆಯ ಕಡೆಯಂತೆ ಹೊಗೆಸೊಪ್ಪಿನ ಬೆಳೆ, ಹೊಳೆ ಮಾತ್ರ ಒಂದೂ ಇಲ್ಲ ಎಂದು ಬರೆದಿದ್ದ. ತಮಿಳು ಬರುತ್ತದೆಂಬ ಕಾರಣಕ್ಕೆ ಮನೆ ಶೋಧಿಸುವಾಗಲೆಲ್ಲ ಅವನನ್ನು ಮುಂದೆ ಕಳುಹಿಸುತ್ತಿದ್ದರಂತೆ. “ಆಗಸ್ಟಿನಲ್ಲಿ ಬೊಂಡ ಕೆತ್ತಿ ಕೊಟ್ಟ ಅಜ್ಜಿಯ ಮನೆಯ ಬಾಗಿಲನ್ನು ಮೊನ್ನೆ ನಾನೇ ತಟ್ಟಿದೆ ಮಾರಾಯ. ಅಮ್ಮಾ ಎಂದು ಕರೆದದ್ದಕ್ಕೆ ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು” ಎಂಬ ಸಾಲುಗಳನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ವ್ಯಾಕರಣದಲ್ಲಿ ಸೋಲುತ್ತಿದ್ದವನು ಬರೆದ ಆ ಪತ್ರದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

1988ರ ಜನವರಿಯಲ್ಲಿ ರಸ್ತೆಯಡಿ ಹೂತಿಟ್ಟ ಬಾಂಬು ಸಿಡಿದು ಅವನು ತೀರಿಕೊಂಡ. ತಂತಿ ಇಂಗ್ಲಿಷಿನಲ್ಲಿದ್ದುದರಿಂದ ಅಂಚೆಯವರು ಅದನ್ನು ಮನೆಗೆ ಒಯ್ಯದೆ ಶಾಲೆಗೆ ತಂದರು. ಕನ್ನಡ ಮಾಷ್ಟ್ರು ಓದಿ, ಮಡಚಿ, ಕನ್ನಡಕದ ಜೊತೆಗೆ ಅಂಗಿಯ ಕಿಸೆಗೆ ಹಾಕಿಕೊಂಡು, ಪಾಠವನ್ನು ಅರ್ಧಕ್ಕೆ ಬಿಟ್ಟು ಹೊರಟರು. ಊರಲ್ಲೇ ಇದ್ದ ನನಗೂ ಹೇಳಿಕಳುಹಿಸಿದ್ದರು. ಗದ್ದೆಯ ಬದುವಿನ ಮೇಲೆ ನಡೆಯುವಷ್ಟು ದೂರವೂ ನಾವಿಬ್ಬರೂ ಮಾತಾಡಲಿಲ್ಲ. ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಅವನ ತಾಯಿ, ಮಾಷ್ಟ್ರನ್ನು ಕಂಡು ಸೆರಗು ಸರಿಮಾಡಿಕೊಂಡು, “ಚಿಕ್ಕವನು ಏನು ಮಾಡಿದ ಮಾಷ್ಟ್ರೇ?” ಎಂದು ಕೇಳಿದರು. ತಮ್ಮ ಆಗ ನಮ್ಮ ಶಾಲೆಯಲ್ಲಿಯೇ ಎಂಟನೆಯಲ್ಲಿದ್ದ.

ದೇಹ ಬರಲಿಲ್ಲ. ಕೆಲವು ವಾರಗಳ ಬಳಿಕ ಅವನ ಕಪ್ಪು ಟ್ರಂಕು ಬಂತು.

ಶಾಂತಿಪಾಲನಾ ಪಡೆಯ ಕೊನೆಯ ತುಕಡಿ 1990ರ ಮಾರ್ಚ್ 24ರಂದು ಶ್ರೀಲಂಕೆಯನ್ನು ಬಿಟ್ಟಿತು. ಮರಳಿದವರನ್ನು ಮದ್ರಾಸಿನಲ್ಲಿ ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ತಮಿಳರನ್ನು ಕೊಂದ ಪಡೆಯೆಂಬ ಅವರ ಕೋಪವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೆ ಹೋಗು ಎಂದಲ್ಲಿಗೆ ಹೋದ ಸಿಪಾಯಿಯ ಮೇಲೆ ಅದನ್ನು ತೀರಿಸಿಕೊಂಡದ್ದು ಸರಿಯೆಂದು ಇಂದಿಗೂ ಅನ್ನಿಸಿಲ್ಲ. ಅಲ್ಲಿ ಮಡಿದ ನಮ್ಮ ಸುಮಾರು 1,200 ಸೈನಿಕರಿಗಾಗಿ ಶ್ರೀಲಂಕಾ ಸರಕಾರವೇ ಕೊಲಂಬೊ ಸಮೀಪದ ಬತ್ತರಮುಲ್ಲದಲ್ಲಿ ಸ್ಮಾರಕ ಕಟ್ಟಿಸಿದೆ. ನಾನು ಅಲ್ಲಿಗೆ ಹೋಗಿಲ್ಲ.

ಹೋದ ಬೇಸಗೆಯಲ್ಲಿ ಅವನ ಮನೆಗೆ ಹೋಗಿದ್ದೆ. ತಾಯಿ ಈಗಿಲ್ಲ. ಊಟಕ್ಕೆ ಕುಳಿತಾಗ ತಮ್ಮನ ಹೆಂಡತಿ ಅಟ್ಟದಿಂದ ಹಲಸಿನ ಹಪ್ಪಳ ತರಲು ಹೋದರು. ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೆಳಗೆ ಕೇಳಿಸಿತು. ಕೈತೊಳೆದ ಮೇಲೆ ನಾನೂ ಏಣಿ ಹತ್ತಿ ನೋಡಿದೆ. ಕಪ್ಪು ಬಣ್ಣ ಅಲ್ಲಲ್ಲಿ ಎದ್ದಿದ್ದರೂ ಬಿಳಿ ಬಣ್ಣದಲ್ಲಿ ಬರೆದ ನಂಬ್ರ, ಅದರ ಕೆಳಗಿನ ಹೆಸರು ಓದುವಷ್ಟು ಸ್ಪಷ್ಟವಾಗಿದ್ದವು.