ಓದಿ ಹೇಳಿದ ಮೊದಲ ದೃಶ್ಯ

1924ರ ಮೇ 15ರಂದು ನ್ಯೂಯಾರ್ಕಿನ ಪ್ರಾವಿನ್ಸ್‌ಟೌನ್ ಪ್ಲೇಹೌಸ್ ಎಂಬ ಪುಟ್ಟ ರಂಗಮಂದಿರದಲ್ಲಿ ಅಮೆರಿಕದ ನಾಟಕಕಾರ ಯುಜೀನ್ ಓನೀಲ್ ಅವರ ‘ಆಲ್ ಗಾಡ್ಸ್ ಚಿಲನ್ ಗಾಟ್ ವಿಂಗ್ಸ್’ ನಾಟಕ ಮೊದಲ ಬಾರಿ ಪ್ರದರ್ಶನಗೊಂಡಾಗ, ಅದರ ಮೊದಲ ದೃಶ್ಯವನ್ನು ಯಾರೂ ಅಭಿನಯಿಸಲಿಲ್ಲ. ನಿರ್ದೇಶಕ ಜೇಮ್ಸ್ ಲೈಟ್ ಅದನ್ನು ಪ್ರೇಕ್ಷಕರಿಗೆ ಓದಿ ಹೇಳಿದರು. ಕಪ್ಪು ಮತ್ತು ಬಿಳಿಯ ಮಕ್ಕಳು ಬೀದಿಯಲ್ಲಿ ಒಟ್ಟಾಗಿ ಗೋಲಿಯಾಡುವ ದೃಶ್ಯವದು. ಮಕ್ಕಳು ತೀರ ಚಿಕ್ಕವರೆಂಬ ಕಾರಣ ಕೊಟ್ಟು ನಗರದ ಆಡಳಿತವು ಅವರ ಅಭಿನಯಕ್ಕೆ ಅನುಮತಿ ನಿರಾಕರಿಸಿತ್ತು.

ನಾಟಕ ಓದುವಾಗ ನಾನು ಮತ್ತೆ ಮತ್ತೆ ಮರಳಿದ್ದು ಈ ದೃಶ್ಯಕ್ಕೇ. ಬೆಳ್ಳಗಾಗುವ ಆಸೆಯಿಂದ ಪುಟ್ಟ ಜಿಮ್ ಸೀಮೆಸುಣ್ಣ ಕಲಸಿದ ನೀರು ಕುಡಿಯುತ್ತಾನೆ. ಬಿಳಿಯ ಹುಡುಗಿ ಎಲ್ಲಾ ಡೌನಿಗೋ ಕಪ್ಪೇ ಇಷ್ಟ, ಬಣ್ಣ ಅದಲುಬದಲು ಮಾಡಿಕೊಳ್ಳೋಣ ಎನ್ನುತ್ತಾಳೆ.

ಗದ್ದಲವೆದ್ದದ್ದು ಬೇರೊಂದು ಕಾರಣಕ್ಕೆ. ಎಲ್ಲಾಳ ಪಾತ್ರದ ಬಿಳಿಯ ನಟಿ ಮೇರಿ ಬ್ಲೇರ್ ಜಿಮ್‌ನ ಪಾತ್ರದ ಕಪ್ಪು ನಟ ಪಾಲ್ ರೋಬ್ಸನ್ ಅವರ ಕೈಗೆ ಮುತ್ತಿಡುವರೆಂಬ ಸುದ್ದಿ ಹರಡಿ, ಪ್ರದರ್ಶನಕ್ಕೆ ಮೊದಲೇ ಬೆದರಿಕೆಯ ಪತ್ರಗಳು ಬಂದವು. ನಾಟಕದಲ್ಲಿ ಜಿಮ್ ಮತ್ತು ಎಲ್ಲಾ ದೊಡ್ಡವರಾಗಿ ಮದುವೆಯಾಗುತ್ತಾರೆ; ವರ್ಜೀನಿಯಾ ರಾಜ್ಯವು ಕಪ್ಪು ಮತ್ತು ಬಿಳಿಯರ ನಡುವಿನ ವಿವಾಹಗಳ ಮೇಲಿನ ನಿಷೇಧವನ್ನು ಬಿಗಿಗೊಳಿಸಿದ್ದು ಅದೇ ವರ್ಷದ ಮಾರ್ಚಿನಲ್ಲಿ. ನ್ಯೂಯಾರ್ಕಿನಲ್ಲಿ ಅಂತಹ ಕಾನೂನೇ ಇರಲಿಲ್ಲ. ಮುಖಕ್ಕೆ ಮಸಿ ಬಳಿದ ಬಿಳಿಯ ನಟನೊಬ್ಬ ಜಿಮ್‌ನಾಗಿದ್ದರೆ ಇಷ್ಟು ಕೂಗು ಏಳುತ್ತಿರಲಿಲ್ಲವೆಂದೇ ನನ್ನ ಎಣಿಕೆ.

ಆದರೆ ಮುತ್ತಿನ ಮೇಲೆ ಕಣ್ಣಿಟ್ಟವರು ನಾಟಕದ ನಿಜವಾದ ಇರಿತವನ್ನು ಗಮನಿಸಲಿಲ್ಲ. ಇಲ್ಲಿ ಪೂರ್ವಗ್ರಹವು ಮನೆಯ ಹೊರಗಷ್ಟೇ ನಿಂತಿಲ್ಲ. ಜಿಮ್‌ನನ್ನು ಪ್ರೀತಿಸಿ ಮದುವೆಯಾದ ಎಲ್ಲಾಳಿಗೆ ಅವನು ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿಬಿಟ್ಟರೆ ಎಂಬ ಭಯ. ಅವನು ತನಗಿಂತ ಮೇಲೇರುವುದನ್ನು ಸಹಿಸಲಾರದೆ ಆಕೆಯ ಬುದ್ಧಿ ಕದಡುತ್ತದೆ, ಗೋಡೆಯ ಮೇಲಿನ ಕಾಂಗೋ ಮುಖವಾಡಕ್ಕೆ ಚೂರಿ ಹಾಕುತ್ತಾಳೆ, ಬೀದಿಯ ಬೈಗುಳವನ್ನೇ ಗಂಡನ ಮೇಲೆ ಎಸೆಯುತ್ತಾಳೆ. ಜಿಮ್‌ನ ಪಾತ್ರ ವಹಿಸಿದ ರೋಬ್ಸನ್ ಸ್ವತಃ ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಪದವೀಧರರಾಗಿದ್ದರು.

ಜಿಮ್‌ನ ಮಿತಿಯಿಲ್ಲದ ಸಹನೆ ನನಗೆ ಒಪ್ಪಿಗೆಯಾಗುವುದಿಲ್ಲ. ಅಷ್ಟು ಕ್ಷಮೆಯನ್ನು ಓನೀಲರು ಅವನೊಬ್ಬನಿಂದಲೇ ಏಕೆ ಬಯಸಿದರು? ಆದರೂ ಕೊನೆಯಲ್ಲಿ, ಚಿಕ್ಕಂದಿನಂತೆ ಆಡೋಣ ಬಾ ಎಂದು ಎಲ್ಲಾ ಕರೆದಾಗ ಅವನು ಒಪ್ಪುವ ಗಳಿಗೆ ಎದೆಯಲ್ಲಿ ಉಳಿಯುತ್ತದೆ. ಆ ಇಬ್ಬರು ಮರಳಲು ಬಯಸಿದ ಬಾಲ್ಯವನ್ನು ಮೊದಲ ದಿನದ ಪ್ರೇಕ್ಷಕರು ಕೇಳಿದ್ದರೇ ಹೊರತು ಕಂಡಿರಲಿಲ್ಲ.